ಹೊಳೆಯೋ ಚುಕ್ಕೆಗಿಂತ ಕಪ್ಪು ಸೈಟೇ ವಾಸಿ

ಶೂಟಿಂಗ್ ಕಲಿಯೋಕೆ ಹೊರಟವರು ಪಿಸ್ತೂಲಿನ ಗ್ರಿಪ್ಪು, ಟ್ರಿಗರ್ರು ಅಂತ ಬಹಳ ತಲೆ ಕೆಡಿಸಿಕೊಳ್ತಾರೆ. ಸೈಟ್ ವಿಷಯಕ್ಕೆ ಬಂದರೆ ಮಾತ್ರ ಹೊಳೆಯೋದೇ ಬೇಕು! ಹಿಂದೆ ಎರಡು ಬಿಳಿ ಚುಕ್ಕೆ, ಮುಂದೆ ಒಂದು; ಇಲ್ಲಾಂದ್ರೆ ಹಸಿರು ಫೈಬರ್ ಕಡ್ಡಿ. ರಾತ್ರಿ ಡ್ಯೂಟಿ ಪೊಲೀಸರ ಲೆಕ್ಕ ಬೇರೆ ಬಿಡಿ. ಟಾರ್ಗೆಟ್‌ಗೆ ಹೊಡೆಯೋರಿಗೆ ಇದ್ಯಾವುದೂ ಬೇಡ ಅನ್ನೋದು ನನ್ನ ವಾದ.

ಯಾಕೆ ಅಂತೀರಾ? 25 ಮೀಟರ್ ರ‍್ಯಾಪಿಡ್ ಫೈರ್ ತಗೊಳ್ಳಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದರಲ್ಲ, ಅದೇ. .22 ಸೆಮಿ ಆಟೋಮ್ಯಾಟಿಕ್ ಪಿಸ್ತೂಲು. ಐದು ಗುಂಡಿಗೆ 8 ಸೆಕೆಂಡು, ಆಮೇಲೆ 6, ಕೊನೆಗೆ ಬರೀ 4. ಅದರಲ್ಲಿ ಹಿಂದಿನ ಸೈಟಿಗೂ ಮುಂದಿನದಕ್ಕೂ ಹೆಚ್ಚೆಂದರೆ 220 ಮಿಲಿಮೀಟರ್ ಅಂತರ. ಮುಂದಿನದು ಕಚ್ಚಿನ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಸರಿದರೂ ಗುಂಡು 11 ಸೆಂಟಿಮೀಟರ್ ಆಚೆ ಬೀಳುತ್ತೆ. ಹತ್ತು ಹೋಗಿ ಎಂಟು!

ಆ ಒಂದು ಮಿಲಿಮೀಟರ್ ಗೊತ್ತಾಗೋದು ಎರಡೂ ಪಕ್ಕದ ಬೆಳಕಿನ ಸಂದಿಯಲ್ಲಿ, ಮೇಲಿನ ಅಂಚಿನಲ್ಲಿ. ಚುಕ್ಕೆ ಇದ್ದರೆ ಕಣ್ಣು ಅಂಚು ಬಿಟ್ಟು ಅದರ ಹಿಂದೆ ಹೋಗುತ್ತೆ. ಹಾಗಾಗಿ ಮಿರುಗದ ಕಪ್ಪು, ಚೌಕ ತಲೆ, ಸ್ಕ್ರೂ ತಿರುಗಿಸಿ ಸರಿಮಾಡೋ ಹಿಂದಿನ ಸೈಟು... ಇಷ್ಟು ಸಾಕು. ಸಂದಿ ತೀರಾ ಕಿರಿದಾಗಿದ್ದರೆ ಅವಸರದಲ್ಲಿ ಕಾಣಲ್ಲ, ಸ್ವಲ್ಪ ಧಾರಾಳವಾಗಿಯೇ ಇರಲಿ.

ಎನ್‌ಸಿಸಿಯಲ್ಲಿ ಉಸ್ತಾದರು "ಫೋರ್‌ಸೈಟ್ ನೋಡೋ, ಟಾರ್ಗೆಟ್ ಮಸುಕಾದರೆ ಆಗಲಿ" ಅಂತ ಬೈತಿದ್ದದ್ದು ನನಗೆ ಈಗ ಅರ್ಥವಾಗ್ತಿದೆ. ಚಾಳೀಸು ಬಂದಮೇಲೆ ಆ ಫೋರ್‌ಸೈಟೇ ಮಸುಕು :( ಅದಕ್ಕೂ ಚುಕ್ಕೆ ಮದ್ದಲ್ಲ. ಕೈ ಚಾಚಿದಷ್ಟು ದೂರ ಸ್ಪಷ್ಟವಾಗಿ ಕಾಣೋ ಹಾಗೆ ಒಂದು ಕನ್ನಡಕ ಮಾಡಿಸಿ.