ಡ್ಯೂಟಿ ಮುಗಿದು ಊರಿಗೆ ಬಂದವರು

"ಊರಿಗೆ ಬಂದು ಮೂರು ತಿಂಗಳಾಯ್ತು ಉಸ್ತಾದರೇ, ಇವತ್ತು ಯಾವ ವಾರ ಅಂತ ಹೆಂಡತಿಯಲ್ಲಿ ಕೇಳಬೇಕಾಗ್ತದೆ." ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದು ಬಂದ ಕಡಬದ ಕಡೆಯ ಒಬ್ಬರು ಅಸರ್ ನಮಾಝ್ ಮುಗಿಸಿ ಹೊರಬರುವಾಗ ಹೇಳಿದ ಮಾತಿದು. ಅವರು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಪುತ್ತೂರು, ಸುಳ್ಯ, ಕಡಬದ ಜಮಾಅತ್‌ಗಳಲ್ಲಿ ಇಂಥವರು ಒಬ್ಬಿಬ್ಬರಲ್ಲ. 2013ರಲ್ಲಿ ಸೌದಿಯಲ್ಲಿ ನಿತಾಖತ್ ಬಿಗಿಯಾದಾಗ ಕೆಲವರು ಬಂದರು. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಇಳಿದ ಮೇಲೆ ಇನ್ನೂ ಹಲವರು ಬಂದರು. ಆಗ ರಮಳಾನ್, ಆದರೆ ಕೊರೋನಾದಿಂದ ಮಸೀದಿಯ ಬಾಗಿಲೂ ಮುಚ್ಚಿತ್ತು. ಅತ್ತ ಡ್ಯೂಟಿ ಇಲ್ಲ, ಇತ್ತ ಜಮಾಅತ್ ಇಲ್ಲ.

ಅಲ್ಲಿ ಅಲಾರಂ, ಕಂಪೆನಿ ಬಸ್ಸು, ಮೆಸ್ಸಿನ ಊಟ, ಸಂಬಳದ ತಾರೀಕು. ಎಲ್ಲವನ್ನೂ ಬೈದುಕೊಂಡೇ ಬದುಕಿದ್ದು ಹೌದು, ಆದರೆ ದಿನವನ್ನು ಹಿಡಿದು ನಿಲ್ಲಿಸಿದ್ದೂ ಅದೇ. ಇಲ್ಲಿ ಮೊದಲ ತಿಂಗಳು ನೆಂಟರು, ಬಿರಿಯಾನಿ. ಆಮೇಲೆ ರಾತ್ರಿ ಎರಡರವರೆಗೆ ಮೊಬೈಲ್, ಸುಬುಹಿ ಹೋಯ್ತು, ಏಳುವಾಗ ಹತ್ತು ಗಂಟೆ. (ಮದ್ರಸಕ್ಕೆ ರಜೆ ಸಿಕ್ಕಿದಾಗ ನಮ್ಮ ಅವಸ್ಥೆಯೂ ಇದಕ್ಕಿಂತ ದೊಡ್ಡ ಚಂದವಲ್ಲ.)

ಕಷ್ಟ ಅವರೊಬ್ಬರದ್ದೇ ಅಲ್ಲ. ಇಷ್ಟು ವರ್ಷ ಶಾಲೆಯ ಫೀಸು, ಗ್ಯಾಸು, ತೋಟದ ಆಳುಗಳ ಮಜೂರಿ ಎಲ್ಲ ನೋಡಿಕೊಂಡವಳು ಮನೆಯಾಕೆ. ಅವಳ ದಿನಕ್ಕೆ ಒಂದು ಕ್ರಮ ಇದೆ. ಕ್ರಮ ಕಳೆದುಕೊಂಡು ಬಂದವರು ಏಕಾಏಕಿ ಲೆಕ್ಕ ಕೇಳತೊಡಗಿದರೆ ಜಗಳ ಆಗದೆ ಇರ್ತದಾ? ಲೆಕ್ಕದ ಪುಸ್ತಕ ಕಸಿಯುವ ಬದಲು, "ಇದರಲ್ಲಿ ಯಾವ ಕೆಲಸ ನನಗೆ ಕೊಡ್ತೀ?" ಅಂತ ಅವಳಲ್ಲೇ ಕೇಳಬಹುದಲ್ಲ.

ಉಳಿತಾಯದ ಹಣದಲ್ಲಿ ಅವಸರಕ್ಕೆ ಅಂಗಡಿ ತೆರೆಯುವುದನ್ನೂ ನಾವು ಒಪ್ಪುವುದಿಲ್ಲ. ಮೊದಲು ದಿನ ಸರಿಯಾಗಲಿ. ಐದು ವಖ್ತ್ ಇರುವಾಗ ಟೈಮ್‌ಟೇಬಲ್ ಬೇರೆ ಹುಡುಕಬೇಕಿಲ್ಲ, ಸುಬುಹಿಯ ಜಮಾಅತ್ ಒಂದನ್ನು ಹಿಡಿದರೆ ರಾತ್ರಿಯ ಮೊಬೈಲ್ ತಾನೇ ಕೆಳಗಿಡಬೇಕಾಗ್ತದೆ. ನಾಲ್ಕು ಅಡಿಕೆ ಮರ ಇದ್ದವರಿಗೆ ತೋಟವೂ ವಖ್ತ್ ಕಲಿಸ್ತದೆ. ಮಳೆಗೆ ಮುಂಚೆ ಒಮ್ಮೆ, ಮತ್ತೆ 40-45 ದಿನದಲ್ಲಿ ಇನ್ನೊಮ್ಮೆ ಬೋರ್ಡೋ ಬಿಡದಿದ್ದರೆ ಕೊಳೆರೋಗ ಯಾರಿಗೂ ಕಾಯುವುದಿಲ್ಲ.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಗಲ್ಫ್‌ನಲ್ಲಿದ್ದಾಗ ಇವರಿಂದ ವಂತಿಗೆ ಕೇಳಿದ್ದೇವೆ. ಈಗ ಕೆಲಸ ಕೊಡಬೇಡವೇ?

ಕಡಬದ ಅವರಿಗೆ ನಾವು ಹೇಳಿದ್ದಿಷ್ಟೆ: ಬೆಳಿಗ್ಗೆ ಏಳಕ್ಕೆ ಮದ್ರಸದ ಮಕ್ಕಳನ್ನು ರಸ್ತೆ ದಾಟಿಸಲು ಒಬ್ಬರು ಬೇಕು. ಈ ವಾರ ನಾಲ್ಕು ದಿನ ಬಂದಿದ್ದಾರೆ.