ಗೆರೆ ಎಳೆಯೋದಲ್ಲ, ಗೋಡೆ ಕಟ್ಟೋದು!

"ನಾವು ಬಿಮ್‌ಗೆ ಬದಲಾಗಿದೀವಿ" ಅನ್ನೋದು ಆರ್ಕಿಟೆಕ್ಟ್ ಆಫೀಸುಗಳಲ್ಲಿ ಈಗ ಹೆಮ್ಮೆಯ ಮಾತು. ಮನೆಯ ಬೀಮಿಗೂ ಇದಕ್ಕೂ ಸಂಬಂಧ ಇಲ್ಲ ಮತ್ತೆ :-) ಇದು ಬಿಲ್ಡಿಂಗ್ ಇನ್‌ಫರ್ಮೇಶನ್ ಮಾಡೆಲಿಂಗ್. ರೆವಿಟ್, ಆರ್ಕಿಕ್ಯಾಡ್ ಅಂತೆಲ್ಲ ತಂತ್ರಾಂಶಗಳಿವೆಯಲ್ಲ, ಅವು. ನನ್ನ ತಕರಾರು ಇಷ್ಟೇ: ನಾನು ಕಂಡ ಆಫೀಸುಗಳಲ್ಲಿ ಬದಲಾಗಿರೋದು ತಂತ್ರಾಂಶ ಮಾತ್ರ, ಕೆಲಸ ಮಾಡೋ ರೀತಿ ಅಲ್ಲ. ಅದರ ಭಾರವೆಲ್ಲ ಬೀಳ್ತಾ ಇರೋದು ಅಲ್ಲಿನ ಅತಿ ಕಿರಿಯರ ತಲೆ ಮೇಲೆ.

ಈ ಕಸುಬಿನ ಹೊರಗಿರೋರಿಗೆ ಸ್ವಲ್ಪ ವಿವರಣೆ. ಆಟೋಕ್ಯಾಡ್‌ನಲ್ಲಿ ಗೋಡೆ ಅಂದ್ರೆ ಸಾಮಾನ್ಯವಾಗಿ ಎರಡು ಗೆರೆ. ಅದು ಇಟ್ಟಿಗೆಯೋ, ಬ್ಲಾಕೋ, ಎಷ್ಟೆತ್ತರವೋ ಆ ಗೆರೆಗಳಿಗೆ ಗೊತ್ತಿರಲ್ಲ. ವಾಸ್ತು ಹೇಳೋರು ಬಂದು "ಅಡುಗೆಮನೆ ಬಾಗಿಲು ಸ್ವಲ್ಪ ಸರಿಸಿ" ಅಂದ್ರೆ ಪ್ಲಾನ್, ಸೆಕ್ಷನ್, ಎಲಿವೇಶನ್ ಎಲ್ಲ ಕಡೆ ತಿದ್ದಬೇಕು. ಒಂದು ಕಡೆ ಮರೆತರೆ ಸೈಟಿನಲ್ಲಿ ಮೇಸ್ತ್ರಿ ಕೈಗೆ ಎರಡು ಥರದ ನಕ್ಷೆ ಸಿಗುತ್ತೆ. ರೆವಿಟ್‌ನಲ್ಲಿ ಇರೋದು ಒಂದೇ ಕಟ್ಟಡ. ಪ್ಲಾನು, ಸೆಕ್ಷನ್ನು, ಬಾಗಿಲು-ಕಿಟಕಿಗಳ ಪಟ್ಟಿ ಎಲ್ಲಾ ಅದರದ್ದೇ ಬೇರೆ ಬೇರೆ ನೋಟಗಳು. ಬಾಗಿಲನ್ನ ಒಂದು ಕಡೆ ಸರಿಸಿದ್ರೆ ಎಲ್ಲಾ ಕಡೆ ಸರಿಯುತ್ತೆ. ನಿಜಕ್ಕೂ ದೊಡ್ಡ ಉಪಕಾರ, ಅದರಲ್ಲಿ ಅನುಮಾನ ಇಲ್ಲ.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಯೋಚನೆ ಅಲ್ಲ. ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲೇ ಇಂಥದ್ದೊಂದು ವ್ಯವಸ್ಥೆಯ ಬಗ್ಗೆ ಬರೆದಿದ್ರು. ರೆವಿಟ್ ಬಂದಿದ್ದು 2000ದಲ್ಲಿ, ಆಟೋಡೆಸ್ಕ್ ಅದನ್ನ ಕೊಂಡಿದ್ದು 2002ರಲ್ಲಿ. ಬ್ರಿಟನ್ 2016ರಲ್ಲಿ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಿಮ್ ಕಡ್ಡಾಯ ಮಾಡಿತು. ಹೊರದೇಶದ ಕಟ್ಟಡಗಳ ಮಾಡೆಲ್ ಮಾಡಿಕೊಡೋ ಕೆಲಸ ಬೆಂಗಳೂರಲ್ಲೂ ನಡೆಯುತ್ತೆ. ಹಾಗಾಗಿ ನಮ್ಮ ಹುಡುಗ ಹುಡುಗಿಯರಿಗೆ ಇದು ಬರಲ್ಲ ಅನ್ನೋ ಮಾತೇ ಇಲ್ಲ. ತೊಂದರೆ ಇರೋದು ಬೇರೆ ಕಡೆ.

ಗೆರೆ ಎಳೆಯುವಾಗ "ಅದನ್ನ ಆಮೇಲೆ ನೋಡೋಣ" ಅನ್ನಬಹುದು. ಮಾಡೆಲ್‌ನಲ್ಲಿ ಒಂದು ಗೋಡೆ ಇಡ್ತಿದ್ದ ಹಾಗೇ ಅದಕ್ಕೊಂದು ದಪ್ಪ, ಒಂದು ಎತ್ತರ ಬಂದುಬಿಡುತ್ತೆ. ನೀವು ಹೇಳದಿದ್ರೆ ತಂತ್ರಾಂಶವೇ "ಜೆನೆರಿಕ್ 200 ಎಂಎಂ" ಥರದ್ದೇನೋ ಇಟ್ಟುಕೊಳ್ಳುತ್ತೆ. ನಮ್ಮೂರಿನ ಎಂಟಿಂಚು ಸಾಲಿಡ್ ಬ್ಲಾಕಿಗೆ ಒಳಗೆ ಹೊರಗೆ ಪ್ಲಾಸ್ಟರಿಂಗ್ ಆದ್ರೆ ಅದು 230ರ ಹತ್ತಿರ ಹೋಗುತ್ತೆ. ಮೇಲೆ ಟೈಲ್ಸ್ ಬೇರೆ. ಪ್ಲಾನಿನಲ್ಲಿ ನಾಲ್ಕಡಿ ಅಗಲ ಕಂಡ ಟಾಯ್ಲೆಟ್ಟು ಗೃಹಪ್ರವೇಶದ ಹೊತ್ತಿಗೆ ಎರಡಿಂಚು ಕಮ್ಮಿ!

ಈಗ ಆಫೀಸಿನ ಕಥೆ ಕೇಳಿ. ಸಾಹೇಬರು ಟ್ರೇಸಿಂಗ್ ಶೀಟ್ ಮೇಲೆ ಚೆಂದದ ಸ್ಕೆಚ್ ಮಾಡಿ "ಇದನ್ನ ರೆವಿಟ್‌ಗೆ ಹಾಕಮ್ಮ" ಅಂತ ಕೊಟ್ಟು ಮೀಟಿಂಗಿಗೆ ಹೊರಡ್ತಾರೆ. ಕಾಲೇಜು ಮುಗಿಸಿ ವರ್ಷ ಆಗಿರದ ಹುಡುಗಿ ಕೇಳ್ತಾಳೆ: "ಸಾರ್, ಟಾಯ್ಲೆಟ್ ಸ್ಲ್ಯಾಬ್ ಎಷ್ಟು ತಗ್ಗಿಸಬೇಕು? ಪ್ಯಾರಪೆಟ್ ಎಷ್ಟೆತ್ತರ? ಸಜ್ಜಾ ಎಷ್ಟು ಮುಂದೆ ಬರಬೇಕು?" ಉತ್ತರ: "ಸದ್ಯಕ್ಕೆ ಏನಾದ್ರೂ ಹಾಕು". ಆ 'ಏನಾದ್ರೂ' ಅಲ್ಲೇ ಕೂತುಬಿಡುತ್ತೆ. ಅದರಿಂದಲೇ ಸೆಕ್ಷನ್ ಬರುತ್ತೆ, ಅದರಿಂದಲೇ ಬ್ಲಾಕು, ಟೈಲ್ಸುಗಳ ಲೆಕ್ಕ ಬರುತ್ತೆ, ಆ ಲೆಕ್ಕದ ಮೇಲೆ ಕಂಟ್ರಾಕ್ಟರ್ ರೇಟು ಹೇಳ್ತಾನೆ. ಪೆನ್ಸಿಲ್ ಸ್ಕೆಚ್ ನೋಡಿದ್ರೆ ಇದಿನ್ನೂ ಅಂತಿಮ ಅಲ್ಲ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಮಾಡೆಲ್‌ನಿಂದ ಇಳಿದ ಸೆಕ್ಷನ್ ಎಷ್ಟು ಅಚ್ಚುಕಟ್ಟಾಗಿರುತ್ತೆ ಅಂದ್ರೆ ಅದರಲ್ಲಿ ಊಹೆ ಯಾವುದು, ನಿರ್ಧಾರ ಯಾವುದು ಅಂತ ಕಾಣಲ್ಲ. ಕೊನೆಗೆ ಸೈಟಿನಲ್ಲಿ ಎಡವಟ್ಟಾದ್ರೆ ಬೈಗುಳ ಯಾರಿಗೆ? ಮಾಡೆಲ್ ಮಾಡಿದವಳಿಗೆ. ಅಂದ್ರೆ ಕಟ್ಟಡದ ಅರ್ಧ ನಿರ್ಧಾರಗಳನ್ನ ಅವಳ ಕೈಲಿ ಮಾಡಿಸ್ತೀವಿ, ಅದಕ್ಕೆ ಬೇಕಾದ ಅಧಿಕಾರವನ್ನೂ ಕೊಡಲ್ಲ, ಸಂಬಳವನ್ನೂ ಕೊಡಲ್ಲ.

"ನಮ್ಮದು ಡಿಸೈನು, ಸಾಫ್ಟ್‌ವೇರ್ ಹುಡುಗರ ಕೆಲಸ" ಅನ್ನೋ ಹಿರಿಯರಿದ್ದಾರೆ. ಸ್ವಾಮಿ, ಗೋಡೆ ಯಾವುದರದ್ದು ಅಂತ ತೀರ್ಮಾನ ಮಾಡೋದು ಡಿಸೈನ್ ಅಲ್ದೆ ಇನ್ನೇನು? ಇನ್ನು ಕೆಲವರು "ಸೈಟಿಗೆ ಹೋಗೋದು ಪೇಪರ್ರೇ ತಾನೇ, ಸ್ಟ್ರಕ್ಚರಲ್ ಎಂಜಿನಿಯರ್ ಕಳಿಸೋದೂ ಆಟೋಕ್ಯಾಡ್ ಫೈಲೇ, ಇಷ್ಟೆಲ್ಲ ಯಾಕೆ?" ಅಂತಾರೆ. ಮಾತಲ್ಲಿ ಸತ್ಯ ಇದೆ. ಚಂದಾ ಹಣವೂ ಚಿಕ್ಕ ಆಫೀಸುಗಳಿಗೆ ಭಾರವೇ. 2020ರಲ್ಲಿ ಬ್ರಿಟನ್ನಿನ ದೊಡ್ಡ ದೊಡ್ಡ ಆರ್ಕಿಟೆಕ್ಟ್ ಸಂಸ್ಥೆಗಳೇ ಸೇರಿ ರೆವಿಟ್‌ನ ಬೆಲೆ ಏರ್ತಾ ಇದೆ, ಸುಧಾರಣೆ ಮಾತ್ರ ಸಾಲದು ಅಂತ ಆಟೋಡೆಸ್ಕ್‌ಗೆ ಬಹಿರಂಗ ಪತ್ರ ಬರೆದಿದ್ವು. ಆದ್ರೂ ಒಂದಕ್ಕೊಂದು ತಾಳೆಯಾಗೋ ನಕ್ಷೆಗಳು ಮೇಸ್ತ್ರಿ ಕೈಗೆ ಸಿಗೋದು ಸಣ್ಣ ಲಾಭ ಅಲ್ಲ.

ಹಾಗಾದ್ರೆ ಏನು ಮಾಡಬೇಕು? ನನಗೆ ತೋಚಿದ್ದು ಮೂರು.

1. ಹಿರಿಯರು ವಾರಕ್ಕೆ ಒಂದು ಗಂಟೆಯಾದ್ರೂ ಮಾಡೆಲ್ ಮುಂದೆ ಕೂರಬೇಕು. ಕಮ್ಯಾಂಡ್ ಕಲಿಯೋದು ಬೇಡ, ಕಿರಿಯರು ಕೇಳೋ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಾಕು.

2. ತೀರ್ಮಾನ ಆಗದ್ದು ಕಣ್ಣಿಗೆ ಕಾಣಬೇಕು. "ಇನ್ನೂ ತೀರ್ಮಾನ ಆಗಿಲ್ಲ" ಅನ್ನೋ ಅರ್ಥದ ಹೆಸರಲ್ಲೇ ಒಂದು ಗೋಡೆ ಮಾಡಿಟ್ಟು, ಫಿಲ್ಟರ್ ಹಾಕಿ ಕೆಂಪು ಬಣ್ಣ ಕೊಡಿ. ಕೆಂಪು ಇರೋವರೆಗೂ ಆ ಡ್ರಾಯಿಂಗ್ ಆಫೀಸು ಬಿಟ್ಟು ಹೋಗಬಾರದು.

3. ಫೀಸಿನ ಕಂತು ಬದಲಾಗಬೇಕು. ಬಿಮ್‌ನಲ್ಲಿ ದುಡಿಮೆ ಮುಂಚೆಯೇ ಬೀಳುತ್ತೆ. ಪ್ಯಾಟ್ರಿಕ್ ಮೆಕ್‌ಲೀಮಿ ಅನ್ನೋ ಅಮೆರಿಕದ ಆರ್ಕಿಟೆಕ್ಟ್ ಇದನ್ನೇ ಒಂದು ಗ್ರಾಫ್ ಬರೆದು ತೋರಿಸಿದ್ರು. ನಾವು ಮಾತ್ರ ದೊಡ್ಡ ಕಂತನ್ನ ಈಗಲೂ ವರ್ಕಿಂಗ್ ಡ್ರಾಯಿಂಗ್ ಹೊತ್ತಿಗೇ ಕೇಳ್ತೀವಿ. ನಡುವೆ ಕ್ಲೈಂಟ್ ಮನಸ್ಸು ಬದಲಾಯಿಸಿದ್ರೆ ಆವರೆಗಿನ ದುಡಿಮೆ ಎಲ್ಲ ಪುಕ್ಕಟೆ.

ಮೂರನೆಯದು ಕಷ್ಟ ಅಂತ ಗೊತ್ತು. ಎರಡನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ, ನಾಳೆಯೇ ಶುರು ಮಾಡಬಹುದು.

ಓದುವವರಲ್ಲಿ ಆರ್ಕಿಟೆಕ್ಟ್‌ಗಳು, ಎಂಜಿನಿಯರ್‌ಗಳು ಇದ್ರೆ ನಿಮ್ಮ ಆಫೀಸಲ್ಲಿ ಹೇಗೆ ಅಂತ ಬರೀರಿ. ಮನೆ ಕಟ್ಟಿಸ್ತಾ ಇರೋರು ಮುಂದಿನ ಸಲ ಡ್ರಾಯಿಂಗ್ ಕೈಗೆ ಬಂದಾಗ "ಇದರಲ್ಲಿ ಯಾವುದು ತೀರ್ಮಾನ ಆಗಿದೆ, ಯಾವುದು ಸದ್ಯಕ್ಕೆ ಹಾಕಿದ್ದು?" ಅಂತ ಒಂದು ಮಾತು ಕೇಳಿ ನೋಡಿ...