ಪುರಾವೆ ಬರಲಿ ಎನ್ನುವವರಿಗೆ

‘ಭೂಮಿ ಬಿಸಿಯಾಗುತ್ತಿರಬಹುದು, ಆದರೆ ಮಡಕಶಿರಾ ಸೀಮೆಯ ನಮ್ಮ ಹೇಮಾವತಿಯ ಮಳೆ ಎಷ್ಟು ಕೆಡುವುದೆಂದು ಯಾರು ಬಲ್ಲರು? ಖಚಿತವಾಗಲಿ, ನೋಡೋಣ’ ಎನ್ನುವವರಿದ್ದಾರೆ. ಬ್ಯಾಂಕ್ ಗುಮಾಸ್ತನಾದ ನಾನು ಕೇಳುತ್ತೇನೆ: ಕಡಲೆಕಾಯಿ ಒಣಗಿದ ಮೇಲೆ ಬೆಳೆವಿಮೆಯ ಕಂತು ಕಟ್ಟಲು ಬಂದರೆ ಯಾರು ತೆಗೆದುಕೊಳ್ಳುತ್ತಾರೆ?

ಪುರಾವೆಗೆ ಕಾದ ಫಲವನ್ನು ಕಾಸರಗೋಡಿನವರಿಗೆ ಹೇಳಬೇಕಿಲ್ಲ. ಪಡ್ರೆಯ ಸುತ್ತಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರು ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿರೆಂದದ್ದು 2017ರಲ್ಲಿ. ಹೋದ ಆರೋಗ್ಯ ಬಂತೇ?

ಈ ಸೀಮೆಯ ಹಿರಿಯರು ಕೆರೆ ಕಟ್ಟಿದ್ದು ಮಳೆಯನ್ನು ನಂಬಿ ಅಲ್ಲ, ನಂಬಲಾರದೆ. ನಾವು ಕೆರೆಯ ಹೂಳೆತ್ತೋಣ, ಕೊಳವೆಬಾವಿಗೆ ಮಿತಿ ಹಾಕೋಣ, ಕಲ್ಲಿದ್ದಲ ಹೊಗೆ ತಗ್ಗಿಸಿರೆಂದು ಸರಕಾರಗಳನ್ನು ಒತ್ತಾಯಿಸೋಣ. ಭಯ ಸುಳ್ಳಾದರೆ ನಷ್ಟವೇನು? ಕೆರೆಯಲ್ಲಿ ನೀರಿರುತ್ತದೆ, ಅಷ್ಟೆ.